ದಿನದ ದುಡಿಮೆಯೂ ಸಂಜೆಯ ಪ್ರಾರ್ಥನೆಯೂ

ಶತಮಾನೋತ್ಸವದ ಸ್ಮರಣ ಸಂಚಿಕೆಯೊಂದರಲ್ಲಿ ದೇವಾಲಯದ ಕಟ್ಟಡವನ್ನು ಕುರಿತು, ಅದಕ್ಕಾಗಿ ಬೆವರು ಸುರಿಸಿದ ಹಿರಿಯರನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರನ್ನೂ ಕನ್ಯಾಭಗಿನಿಯರನ್ನೂ ಕುರಿತು ಬರೆಯುವುದು ಸಂಪ್ರದಾಯ. ಅದು ಉಚಿತವೂ ಹೌದು. ಆದರೆ ಪ್ರತಿಯೊಂದು ಧರ್ಮಕೇಂದ್ರದ ಚರಿತ್ರೆಯಲ್ಲಿಯೂ ಯಾವ ದಫ್ತರಕ್ಕೂ ಸೇರದ ಒಂದು ಅಧ್ಯಾಯವಿರುತ್ತದೆ. ದೀಕ್ಷಾಸ್ನಾನಗಳಿಗೆ ದಾಖಲೆಯುಂಟು; ವಿವಾಹಗಳಿಗೆ ದಾಖಲೆಯುಂಟು; ಮರಣಗಳಿಗೂ ದಾಖಲೆಯುಂಟು. ಹಗಲೆಲ್ಲ ಹೊಲದಲ್ಲೋ ಗಿರಣಿಯಲ್ಲೋ ಪರರ ಮನೆಯ ಚಾಕರಿಯಲ್ಲೋ ದುಡಿದು ಬಂದು, ಕೈಕಾಲು ತೊಳೆದು, ಪೀಠದ ಮೇಲಿನ ಶಿಲುಬೆಯ ಮುಂದೆ ದೀಪ ಹಚ್ಚಿ ಮಂಡಿಯೂರಿದವರ ಪ್ರಾರ್ಥನೆಗೆ ಮಾತ್ರ ದಾಖಲೆಯಿಲ್ಲ. ಆ ಪ್ರಾರ್ಥನೆಯ ಚರಿತ್ರೆಯನ್ನು ನಮಗೆ ತಿಳಿದಮಟ್ಟಿಗೆ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಹೀಗೆ ನಿರೂಪಿಸಲು ಒಂದು ಕಾರಣವೂ ಇದೆ. ಸಂಜೆಯ ಪ್ರಾರ್ಥನೆಯು ನಮ್ಮ ಅನೇಕ ಮನೆಗಳಿಂದ ಮೆಲ್ಲನೆ ಹಿಂದೆ ಸರಿಯುತ್ತಿದೆ. ಕೇಳಿದರೆ, ಹೊತ್ತಿಲ್ಲವೆಂಬ ಉತ್ತರ ಬರುತ್ತದೆ. ಆ ಉತ್ತರವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ದುಡಿಯುವವರಿಗೆ ನಿಜವಾಗಿಯೂ ಹೊತ್ತಿಲ್ಲ. ಆದರೆ ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ನೋಡಿದಾಗ ಇದು ಹೊಸ ಸಂಕಟವಲ್ಲವೆಂಬುದು ತಿಳಿಯುತ್ತದೆ. ಪ್ರಾರ್ಥನೆಯ ಒಂದು ರೂಪವು ದುಡಿಯುವವರ ಕೈಗೆ ನಿಲುಕದೆ ಹೋದಾಗಲೆಲ್ಲ, ಆ ಕೈಗೆ ತಕ್ಕ ಇನ್ನೊಂದು ರೂಪವು ಹುಟ್ಟಿಬಂದಿದೆ.

ಸಾಯಂಕಾಲದ ಬಲಿ

ಇಸ್ರಯೇಲ ಜನರಿಗೆ ದಿನವು ಸಂಜೆಯಿಂದಲೇ ಪ್ರಾರಂಭವಾಗುತ್ತಿತ್ತು. ಆದಿಕಾಂಡದ ಸೃಷ್ಟಿವೃತ್ತಾಂತದಲ್ಲಿಯೂ ಸಂಜೆಯನ್ನು ಮೊದಲು, ಮುಂಜಾನೆಯನ್ನು ಅನಂತರ ಹೇಳಲಾಗಿದೆ. ಭಾನುವಾರದ ಆಚರಣೆಯು ಶನಿವಾರದ ಸಂಜೆಯಿಂದಲೇ ಆರಂಭವಾಗುವ ನಮ್ಮ ಪದ್ಧತಿಗೆ ಮೂಲ ಇಲ್ಲಿಯೇ ಇದೆ. ವಿಮೋಚನಾಕಾಂಡದ 29ನೆಯ ಅಧ್ಯಾಯದಲ್ಲಿ ಪ್ರತಿದಿನವೂ ಎರಡು ಕುರಿಮರಿಗಳನ್ನು, ಒಂದನ್ನು ಬೆಳಿಗ್ಗೆಯೂ ಇನ್ನೊಂದನ್ನು ಮುಸ್ಸಂಜೆಯಲ್ಲಿಯೂ ಸಮರ್ಪಿಸಬೇಕೆಂಬ ವಿಧಿಯಿದೆ. 141ನೆಯ ಕೀರ್ತನೆಯನ್ನು ಹಾಡಿದವನು ತನ್ನ ಮೊರೆಯನ್ನು ಧೂಪಕ್ಕೂ, ಮೇಲೆತ್ತಿದ ತನ್ನ ಕೈಗಳನ್ನು ಸಾಯಂಕಾಲದ ಬಲಿಗೂ ಹೋಲಿಸಿದ್ದಾನೆ. ಕ್ರಿಸ್ತಶಕ 70ರಲ್ಲಿ ಜೆರುಸಲೇಮಿನ ಮಹಾದೇವಾಲಯವು ನಾಶವಾಗಿ ಕುರಿಮರಿಯ ಬಲಿಯು ನಿಂತುಹೋಯಿತು. ಮೇಲೆತ್ತಿದ ಕೈಗಳು ಉಳಿದವು. ಹಗಲಿಡೀ ದುಡಿದ ಕೈಗಳೇ ಬಲಿಯಾಗಬಲ್ಲವೆಂಬ ಆ ಭಾವನೆಯನ್ನು ಧರ್ಮಸಭೆಯು ತನ್ನ ಪಿತ್ರಾರ್ಜಿತವಾಗಿ ಪಡೆಯಿತು.

ಪವಿತ್ರ ಗ್ರಂಥದಲ್ಲಿ ಸಂಜೆಯು ಪ್ರಾರ್ಥನೆಯ ಹೊತ್ತು ಮಾತ್ರವಾಗಿರದೆ, ಲೆಕ್ಕ ತೀರಿಸುವ ಹೊತ್ತೂ ಆಗಿದೆಯೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬಡವನಾದ ಕೂಲಿಯಾಳಿನ ಕೂಲಿಯನ್ನು ಸೂರ್ಯನು ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಆಜ್ಞಾಪಿಸುತ್ತದೆ. ಆ ಕೂಲಿಯ ಮೇಲೆಯೇ ಅವನ ಪ್ರಾಣವು ನಿಂತಿದೆ, ಅವನು ದೇವರಿಗೆ ಮೊರೆಯಿಟ್ಟರೆ ಆ ದೋಷ ಯಜಮಾನನದು ಎಂಬ ಎಚ್ಚರಿಕೆಯೂ ಅಲ್ಲಿದೆ. ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುವ ದ್ರಾಕ್ಷಿತೋಟದ ಸಾಮತಿಯಲ್ಲಿ, ಯಜಮಾನನು ಪಾರುಪತ್ಯಗಾರನನ್ನು ಕರೆದು ಆಳುಗಳಿಗೆ ಕೂಲಿ ಕೊಡಿಸುವುದೂ ಸಂಜೆಯಲ್ಲಿಯೇ. ಸಂತ ಪೌಲರು ಎಫೆಸದವರಿಗೆ ಬರೆಯುತ್ತಾ, ಸೂರ್ಯಾಸ್ತದವರೆಗೂ ಸಿಟ್ಟನ್ನು ಉಳಿಸಿಕೊಳ್ಳಬಾರದೆಂದು ಬೋಧಿಸಿದ್ದಾರೆ. ಕೂಲಿಯ ಬಾಕಿ, ಸಿಟ್ಟಿನ ಬಾಕಿ, ಈ ಎರಡನ್ನೂ ಕತ್ತಲಾಗುವುದರೊಳಗೆ ತೀರಿಸಬೇಕು. ಅವುಗಳನ್ನು ಹಾಗೆಯೇ ಉಳಿಸಿಕೊಂಡು ಎತ್ತಿದ ಕೈಗಳು ಸಾಯಂಕಾಲದ ಬಲಿಯಾಗುವುದು ಹೇಗೆ?

ದೀಪ ಹಚ್ಚುವ ಹೊತ್ತು

ಆದಿ ಕ್ರೈಸ್ತರು ದಿನಕ್ಕೆ ಮೂರು ಸಲ ಪರಲೋಕ ಮಂತ್ರವನ್ನು ಹೇಳಬೇಕೆಂದು ‘ದಿದಾಖೆ’ ಎಂಬ ಅತಿ ಪ್ರಾಚೀನವಾದ ಬೋಧನಾ ಗ್ರಂಥವು ವಿಧಿಸಿದೆ. ಕ್ರಿಸ್ತಶಕ 200ರ ಸುಮಾರಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿದ್ದ ತೆರ್ತುಲಿಯನ್ನರು, ಬೆಳಕು ಹರಿಯುವಾಗಲೂ ಇರುಳು ಕವಿಯುವಾಗಲೂ ಪ್ರಾರ್ಥಿಸುವುದು ಯಾರೂ ಜ್ಞಾಪಿಸಬೇಕಾಗಿಲ್ಲದ ಕರ್ತವ್ಯವೆಂದು ಎಣಿಸಿದ್ದರು. ಕ್ರೈಸ್ತರ ಸಹಭೋಜನವನ್ನು ಅವರು ಬೇರೊಂದು ಗ್ರಂಥದಲ್ಲಿ ವರ್ಣಿಸಿದ್ದಾರೆ. ಊಟದ ನಂತರ ಎಲ್ಲರೂ ಕೈ ತೊಳೆಯುತ್ತಾರೆ, ದೀಪಗಳನ್ನು ತರುತ್ತಾರೆ, ಆಮೇಲೆ ಒಬ್ಬೊಬ್ಬರನ್ನೂ ಮುಂದಕ್ಕೆ ಕರೆದು, ಬಲ್ಲಷ್ಟು ಮಟ್ಟಿಗೆ ದೇವರನ್ನು ಹಾಡಿ ಸ್ತುತಿಸಲು ಹೇಳುತ್ತಾರೆ. ಕೈ ತೊಳೆಯುವುದು, ದೀಪ, ಹಾಡು: ಸಾವಿರದ ಎಂಟುನೂರು ವರ್ಷಗಳ ಹಿಂದಿನ ಈ ವರ್ಣನೆಯನ್ನು ಓದಿದ ನಮ್ಮ ಹಳ್ಳಿಯ ಹಿರಿಯರಿಗೆ ಅದು ತಮ್ಮ ಮನೆಯ ಸುದ್ದಿಯೆಂದೇ ತೋರೀತು.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಭಕ್ತ ಮಹಿಳೆಯು ಪಶ್ಚಿಮ ದೇಶದಿಂದ ಪುಣ್ಯಭೂಮಿಗೆ ಯಾತ್ರೆ ಮಾಡಿ, ಕಂಡುದನ್ನು ತನ್ನ ಸೋದರಿಯರಿಗಾಗಿ ಬರೆದಿಟ್ಟಳು. ಜೆರುಸಲೇಮಿನಲ್ಲಿ ಪ್ರಭುವಿನ ಸಮಾಧಿಯ ಮೇಲೆ ಕಟ್ಟಿದ ದೇವಾಲಯದಲ್ಲಿ, ಹತ್ತನೆಯ ಗಳಿಗೆಗೆ, ಎಂದರೆ ಈಗಿನ ಸಂಜೆ ನಾಲ್ಕರ ಹೊತ್ತಿಗೆ, ಜನರೆಲ್ಲರೂ ಸೇರುತ್ತಿದ್ದರು. ದೀಪಗಳನ್ನೆಲ್ಲ ಹೊತ್ತಿಸಿದಾಗ ಅಪಾರವಾದ ಬೆಳಕಾಗುತ್ತಿತ್ತು. ಆ ಬೆಳಕನ್ನು ಹೊರಗಿನಿಂದ ತರುತ್ತಿರಲಿಲ್ಲ. ಹಗಲಿರುಳೂ ಉರಿಯುತ್ತಿದ್ದ ಸಮಾಧಿಗುಹೆಯ ದೀಪದಿಂದಲೇ ತರುತ್ತಿದ್ದರು. ಕೀರ್ತನೆಗಳಾದ ಮೇಲೆ ಧರ್ಮಸೇವಕನು ಒಬ್ಬೊಬ್ಬರ ಹೆಸರನ್ನು ಹೇಳುತ್ತಾ ಹೋದಂತೆ, ಅಲ್ಲಿ ನಿಂತ ಪುಟ್ಟ ಮಕ್ಕಳು ಪ್ರತಿ ಹೆಸರಿಗೂ ಪ್ರಭುವಿನ ದಯೆಯನ್ನು ಬೇಡುತ್ತಾ ಉತ್ತರ ಕೊಡುತ್ತಿದ್ದರು. ಆ ಕಂಠಗಳಿಗೆ ಎಣೆಯಿರಲಿಲ್ಲವೆಂದು ಎಗೇರಿಯಾ ಹೇಳಿದ್ದಾಳೆ. ಸಂಜೆಯ ಪ್ರಾರ್ಥನೆಯು ಆ ದಿನಗಳಲ್ಲಿ ಊರಿಗೆ ಊರೇ ಸೇರಿ ಮಾಡುವ ಪ್ರಾರ್ಥನೆಯಾಗಿತ್ತು, ಅದರಲ್ಲಿ ಮಕ್ಕಳಿಗೆ ತಮ್ಮದೇ ಆದ ಪಾಲಿತ್ತು.

ಇದೇ ಶತಮಾನದಲ್ಲಿ ಅಂತಿಯೋಕ್ಯದ ಗುರುವಾಗಿದ್ದ ಸಂತ ಜಾನ್ ಕ್ರಿಸೊಸ್ತೋಮರು ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ನೀಡಿದ ಉಪದೇಶವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಮುಂಜಾನೆ ಪ್ರಾರ್ಥಿಸಿ ನಿಮ್ಮ ನಿಮ್ಮ ಕೆಲಸಗಳಿಗೆ ಹೋಗಿರಿ ಎಂದು ಅವರು ಹೇಳುತ್ತಾರೆ. ಒಬ್ಬನು ಕೈಕಸುಬಿಗೆ ಹೋಗಲಿ, ಇನ್ನೊಬ್ಬನು ದಂಡಿನ ಕಾವಲಿಗೆ ಹೋಗಲಿ. ಆದರೆ ಹಗಲನ್ನು ಭಯಭಕ್ತಿಯಿಂದ ಕಳೆದು, ಸಂಜೆಗೆ ದೇವಾಲಯಕ್ಕೆ ಹಿಂದಿರುಗಿ, ಇಡೀ ದಿನದ ಲೆಕ್ಕವನ್ನು ಒಡೆಯನಿಗೆ ಒಪ್ಪಿಸಿ ತಪ್ಪುಗಳಿಗೆ ಕ್ಷಮೆ ಬೇಡಬೇಕೆಂಬುದು ಆ ಉಪದೇಶದ ಸಾರ. ಕೆಲಸವನ್ನು ಬಿಟ್ಟು ಬನ್ನಿರೆಂದು ಅವರು ಹೇಳಲಿಲ್ಲ. ಮಾಡಿದ ಕೆಲಸವನ್ನೇ ತೆಗೆದುಕೊಂಡು ಬನ್ನಿರೆಂದರು.

ಮಠದ ಗೋಡೆಯೊಳಗೆ

ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯು ಪ್ರಾರ್ಥನೆಯನ್ನೂ ಕೈದುಡಿಮೆಯನ್ನೂ ಒಂದೇ ದಿನಚರಿಯಲ್ಲಿ ಹೆಣೆಯಿತು. ಸಂಧ್ಯಾಪ್ರಾರ್ಥನೆಯನ್ನೂ ಸಂಜೆಯ ಊಟವನ್ನೂ ದೀಪದ ಹಂಗಿಲ್ಲದೆ ಹಗಲ ಬೆಳಕಿನಲ್ಲಿಯೇ ಮುಗಿಸಬೇಕೆಂದು ಅವರು ವಿಧಿಸಿದರು. ಮಲಗುವ ಮುನ್ನ ಇನ್ನೊಂದು ಕಿರುಪ್ರಾರ್ಥನೆ. ಅದಾದ ಮೇಲೆ ಮೌನ. ಈ ನಿಯಮಾವಳಿಯ 13ನೆಯ ಅಧ್ಯಾಯದಲ್ಲಿ ಒಂದು ಮರ್ಮವಡಗಿದೆ. ಪ್ರಾತಃಕಾಲದ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಮಠಾಧಿಪತಿಯು ಪರಲೋಕ ಮಂತ್ರವನ್ನು ಎಲ್ಲರಿಗೂ ಕೇಳುವಂತೆ ಪೂರ್ತಿಯಾಗಿ ಹೇಳಬೇಕು. ಕಾರಣವೇನೆಂದರೆ, ಒಟ್ಟಿಗೆ ಬಾಳುವವರ ನಡುವೆ ಮನಸ್ತಾಪದ ಮುಳ್ಳುಗಳು ಹುಟ್ಟುವುದು ಸಹಜ. ಪರರ ತಪ್ಪುಗಳನ್ನು ಕ್ಷಮಿಸುತ್ತೇವೆಂದು ಆ ಮಂತ್ರದಲ್ಲಿ ನಾವೇ ಕೊಡುವ ಮಾತು ಆ ಮುಳ್ಳುಗಳನ್ನು ಕಿತ್ತುಹಾಕಬೇಕು. ಮಠಕ್ಕೆ ಅನ್ವಯಿಸುವ ಈ ಮಾತು, ಒಂದೇ ಸೂರಿನಡಿಯಲ್ಲಿ ಅತ್ತೆ ಸೊಸೆಯರು, ಅಣ್ಣತಮ್ಮಂದಿರು ಬಾಳುವ ಮನೆಗೆ ಅನ್ವಯಿಸದೆ ಇರುವುದೇ?

ಕಾಲಕ್ರಮದಲ್ಲಿ ಈ ಪ್ರಾರ್ಥನೆಯು ಲತೀನ್ ಭಾಷೆಯಲ್ಲಿ ಮಠಗಳಿಗೂ ಗುರುವರ್ಗಕ್ಕೂ ಸೇರಿದ ದೊಡ್ಡ ಗ್ರಂಥವಾಯಿತು. ಅದರ ಗಾಂಭೀರ್ಯವು ಬೆಳೆಯಿತು. ಆದರೆ ಅಕ್ಷರವರಿಯದ ರೈತನಿಗೂ ಕುಂಬಾರನಿಗೂ ಅದು ದೂರವಾಯಿತು. ಅಂತಿಯೋಕ್ಯದ ಕೈಕಸುಬಿನವನು ಸಂಜೆ ಲೆಕ್ಕ ಒಪ್ಪಿಸುತ್ತಿದ್ದ ಆ ದೇವಾಲಯದ ಪ್ರಾರ್ಥನೆಯು ಈಗ ಅವನಂತಹವನಿಗೆ ಅರ್ಥವಾಗದ ಭಾಷೆಯ ಗಾನವಾಗಿ ದೂರದಿಂದ ಕೇಳಿಸುತ್ತಿತ್ತು.

ಗಂಟೆಯ ದನಿ

ದೂರದಿಂದ ಅವನಿಗೆ ಇನ್ನೊಂದು ದನಿಯೂ ಕೇಳಿಸುತ್ತಿತ್ತು, ಅದು ಗಂಟೆಯದು. ಮಧ್ಯಯುಗದ ಯೂರೋಪಿನ ಊರುಗಳಲ್ಲಿ ಕತ್ತಲಾಗುವಾಗ ಗಂಟೆ ಬಾರಿಸಿ, ಒಲೆಯ ಬೆಂಕಿಯನ್ನು ಮುಚ್ಚಲು ಎಚ್ಚರಿಸುವ ಪದ್ಧತಿಯಿತ್ತು. ಸಂಜೆಯ ಗಂಟೆಗೆ ಮೂರು ಸಲ ನಮೋ ಮರಿಯಾ ಜಪವನ್ನು ಹೇಳುವ ಅಭ್ಯಾಸವು ಹದಿಮೂರು ಮತ್ತು ಹದಿನಾಲ್ಕನೆಯ ಶತಮಾನಗಳಲ್ಲಿ ಹರಡಿತು. ಜಗದ್ಗುರು ಇಪ್ಪತ್ತೆರಡನೆಯ ಜಾನರು 1318ರಲ್ಲಿ ಈ ಅಭ್ಯಾಸವನ್ನು ಮನ್ನಿಸಿ, ಪಾಲಿಸುವವರಿಗೆ ದಂಡವಿಮೋಚನೆಯನ್ನು ನೀಡಿದರು. 1327ರಲ್ಲಿ ರೋಮ್ ನಗರದಲ್ಲಿಯೂ ಅದನ್ನು ಆರಂಭಿಸಲು ಅಪ್ಪಣೆ ಮಾಡಿದರು. ಮಧ್ಯಾಹ್ನದ ಗಂಟೆಗೆ ಪ್ರಾರ್ಥಿಸಬೇಕೆಂದು ಮೂರನೆಯ ಕಲಿಸ್ತಸರು ಆಜ್ಞಾಪಿಸಿದುದು 1456ರಲ್ಲಿ. ನಾವಿಂದು ತ್ರಿಕಾಲ ಜಪವೆಂದು ಕರೆಯುವ ಪ್ರಾರ್ಥನೆಯು ಹೀಗೆ ಸಂಜೆಯ ಗಂಟೆಯಿಂದಲೇ ಮೊದಲುಗೊಂಡು ಬೆಳೆದುಬಂದಿದೆ. ಅದಕ್ಕೆ ಪುಸ್ತಕ ಬೇಕಿರಲಿಲ್ಲ, ಲತೀನ್ ಪಾಂಡಿತ್ಯ ಬೇಕಿರಲಿಲ್ಲ, ದೇವಾಲಯಕ್ಕೆ ನಡೆದುಹೋಗಲೂ ಬೇಕಿರಲಿಲ್ಲ. ನಿಂತ ನೆಲದಲ್ಲಿಯೇ ಅದು ಸಾಧ್ಯವಾಗಿತ್ತು.

ಫ್ರಾನ್ಸ್ ದೇಶದ ಚಿತ್ರಕಾರ ಜ್ಯಾನ್ ಫ್ರಾಂಸ್ವಾ ಮಿಲೆ 1857 ಮತ್ತು 1859ರ ನಡುವೆ ರಚಿಸಿದ, ಈಗ ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಚಿತ್ರವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆಲೂಗಡ್ಡೆಯ ಹೊಲ, ನೆಲಕ್ಕೆ ನೆಟ್ಟ ಕವಲುಗೋಲು, ಕಾಲ ಬಳಿ ಬುಟ್ಟಿ, ಒಬ್ಬ ರೈತ, ಒಬ್ಬ ಹೆಂಗಸು, ಇಬ್ಬರೂ ತಲೆಬಾಗಿ ನಿಂತಿದ್ದಾರೆ, ದೂರದಲ್ಲಿ ದೇವಾಲಯದ ಗೋಪುರ. ಬಾಲ್ಯದಲ್ಲಿ ಹೊಲದಲ್ಲಿದ್ದಾಗ ಗಂಟೆ ಕೇಳಿದೊಡನೆ ತನ್ನ ಅಜ್ಜಿ ಕೆಲಸ ನಿಲ್ಲಿಸಿ ಮೃತರಿಗಾಗಿ ಪ್ರಾರ್ಥನೆ ಹೇಳಿಸುತ್ತಿದ್ದುದನ್ನು ನೆನೆದು ಆ ಚಿತ್ರವನ್ನು ಬರೆದುದಾಗಿ ಮಿಲೆ ತಿಳಿಸಿದ್ದಾನೆ. ಇದರ ಪ್ರತಿಗಳು ಲೋಕದ ಎಷ್ಟೋ ಕ್ರೈಸ್ತ ಮನೆಗಳ ಗೋಡೆಗಳನ್ನು ಅಲಂಕರಿಸಿದುದರಲ್ಲಿ ಆಶ್ಚರ್ಯವಿಲ್ಲ.

ಜಪಸರವೂ ಆತ್ಮಪರಿಶೋಧನೆಯೂ

ಗಂಟೆಯು ನಿಂತ ನೆಲದ ಪ್ರಾರ್ಥನೆಯಾದರೆ, ಜಪಸರವು ಮನೆಯ ಪ್ರಾರ್ಥನೆಯಾಯಿತು. ಮಠಗಳಲ್ಲಿ 150 ಕೀರ್ತನೆಗಳು. ಅವನ್ನು ಓದಲಾರದ ಜನರಿಗೆ 150 ನಮೋ ಮರಿಯಾ. ಬೆರಳುಗಳ ನಡುವೆ ಸರಿಯುವ ಮಣಿಗಳೇ ಪುಸ್ತಕ. ಜಗದ್ಗುರು ಐದನೆಯ ಪಿಯುಸರು 1569ರಲ್ಲಿ ಈ ಭಕ್ತಿಯ ರೂಪವನ್ನು ಅಧಿಕೃತ ಪತ್ರದ ಮೂಲಕ ದೃಢಪಡಿಸಿದರು.

ಇದಕ್ಕೆ ಸ್ವಲ್ಪ ಮುಂಚೆ, 1548ರಲ್ಲಿ, ನಮ್ಮ ಹಿರಿಯರು ಇನ್ನಾಸಪ್ಪನವರೆಂದು ಕರೆಯುತ್ತಿದ್ದ ಸಂತ ಇಗ್ನೇಷಿಯಸ್ ಲೊಯೋಲಾರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥಕ್ಕೆ ಮೂರನೆಯ ಪೌಲರ ಸಮ್ಮತಿ ದೊರೆತಿತ್ತು. ದಿನದ ಆತ್ಮಪರಿಶೋಧನೆಗೆ ಅದರಲ್ಲಿ ಐದು ಮೆಟ್ಟಿಲುಗಳಿವೆ. ಮೊದಲನೆಯದು ಪಡೆದ ಉಪಕಾರಗಳಿಗಾಗಿ ಕೃತಜ್ಞತೆ, ಎರಡನೆಯದು ತಪ್ಪುಗಳನ್ನು ಅರಿಯಲು ವರಪ್ರಸಾದದ ಬೇಡಿಕೆ, ಮೂರನೆಯದು ಎದ್ದ ಗಳಿಗೆಯಿಂದ ಈ ಗಳಿಗೆಯವರೆಗಿನ ಯೋಚನೆ, ಮಾತು, ಕೃತಿಗಳ ಲೆಕ್ಕ, ನಾಲ್ಕನೆಯದು ಕ್ಷಮಾಯಾಚನೆ, ಐದನೆಯದು ತಿದ್ದಿಕೊಳ್ಳುವ ಸಂಕಲ್ಪ. ಕೊನೆಗೆ ಒಂದು ಪರಲೋಕ ಮಂತ್ರ. ತಪ್ಪಿನ ಲೆಕ್ಕಕ್ಕಿಂತ ಮೊದಲು ಕೃತಜ್ಞತೆಯನ್ನು ಇಟ್ಟಿರುವುದು ಈ ಸಂತರ ವಿವೇಕ. ದಣಿದು ಬಂದವನನ್ನು ಮೊದಲು ದೂರುವುದಲ್ಲ, ಅವನಿಗೆ ಆ ದಿನ ದೊರೆತುದನ್ನು ತೋರಿಸುವುದು.

ದುಡಿಮೆಗೂ ಜಪಸರಕ್ಕೂ ಇರುವ ನಂಟನ್ನು ಸ್ಪಷ್ಟವಾಗಿ ಕಂಡವರು ಜಗದ್ಗುರು ಹದಿಮೂರನೆಯ ಲಿಯೋ. ಅಕ್ಟೋಬರ್ ತಿಂಗಳಲ್ಲಿ ಜಪಸರವನ್ನು ವಿಶೇಷವಾಗಿ ಆಚರಿಸಲು 1883ರಲ್ಲಿ ಕರೆಯಿತ್ತವರು ಅವರೇ. 1891ರಲ್ಲಿ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಕಾರ್ಮಿಕನ ನ್ಯಾಯವಾದ ಕೂಲಿಯನ್ನೂ ವಿಶ್ರಾಂತಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಎತ್ತಿಹಿಡಿದವರೂ ಅವರೇ. ಇದಾದ ಎರಡು ವರ್ಷಗಳಿಗೆ, 1893ರಲ್ಲಿ, ಜಪಸರದ ಬಗ್ಗೆ ಬರೆದ ಇನ್ನೊಂದು ಪತ್ರದಲ್ಲಿ ಅವರು ಸಮಾಜದ ಮೂರು ರೋಗಗಳನ್ನು ಹೆಸರಿಸಿದರು: ಸರಳವಾದ ದುಡಿಮೆಯ ಬಾಳಿನ ಬಗ್ಗೆ ಅಸಡ್ಡೆ, ಕಷ್ಟವೆಂದರೆ ಹಿಂಜರಿಕೆ, ಪರಲೋಕದ ಮರೆವು. ಮೊದಲನೆಯದಕ್ಕೆ ನಜರೇತಿನ ಬಡಗಿಯ ಮನೆಯನ್ನು ತೋರುವ ಸಂತೋಷದ ರಹಸ್ಯಗಳು, ಎರಡನೆಯದಕ್ಕೆ ದುಃಖದ ರಹಸ್ಯಗಳು, ಮೂರನೆಯದಕ್ಕೆ ಮಹಿಮೆಯ ರಹಸ್ಯಗಳು ಮದ್ದೆಂದು ಅವರು ಬೋಧಿಸಿದರು. ಕೂಲಿಯ ನ್ಯಾಯವನ್ನು ಕೇಳಿದ ಕೈಯೇ ಜಪಸರವನ್ನೂ ನೀಡಿತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಅಧಿಕಾರ ನಮಗಿಲ್ಲ.

ನಮ್ಮ ನಾಡಿನಲ್ಲಿ

ಕನ್ನಡ ನಾಡಿನ ಒಳಭಾಗದಲ್ಲಿ ಯೇಸುಸಭೆಯ ಮೈಸೂರು ಮಿಷನ್ 1649ರಲ್ಲಿ, ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದುದರೊಂದಿಗೆ ಆರಂಭವಾಯಿತು. ಅವರು ಕನ್ನಡವನ್ನು ಕಲಿತು, ಜ್ಞಾನೋಪದೇಶವನ್ನು ಕನ್ನಡದಲ್ಲಿಯೇ ಬರೆದರು. ಮುಂದೆ 1773ರಲ್ಲಿ ಯೇಸುಸಭೆಯು ವಿಸರ್ಜಿತವಾದಾಗ ಗುರುಗಳ ಸಂಖ್ಯೆ ಕ್ಷೀಣಿಸಿತು. ಪ್ಯಾರಿಸಿನ ವಿದೇಶಿ ಮಿಷನ್ನಿನ ಗುರುಗಳು ಈ ಪ್ರದೇಶದ ಹೊಣೆಯನ್ನು ಹೊತ್ತ ಮೇಲೂ, ಒಬ್ಬೊಬ್ಬ ಗುರುವಿಗೆ ದಿನಗಟ್ಟಲೆ ಪ್ರಯಾಣ ಮಾಡಬೇಕಾದಷ್ಟು ದೂರ ಹರಡಿದ ಊರುಗಳಿದ್ದವು. 1799ರ ಅನಂತರ ಮೈಸೂರು ಸೀಮೆಯಲ್ಲಿ ದುಡಿದು 1823ರಲ್ಲಿ ಸ್ವದೇಶಕ್ಕೆ ಮರಳಿದ ಅಬ್ಬೆ ದ್ಯುಬುವಾ ಅಂತಹವರಲ್ಲಿ ಒಬ್ಬರು. ಕರಾವಳಿಯ ಕ್ರೈಸ್ತರು 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಅನುಭವಿಸಿದ ಸೆರೆವಾಸವೂ ಈ ಕಾಲದ್ದೇ.

ಗುರುಗಳು ವರ್ಷಕ್ಕೆ ಕೆಲವೇ ಸಲ ಬಂದುಹೋಗುವ ಊರಿನಲ್ಲಿ ಬಲಿಪೂಜೆಯು ಅಪರೂಪದ ಭಾಗ್ಯವಾಗಿತ್ತು. ಉಳಿದ ದಿನಗಳಲ್ಲಿ ವಿಶ್ವಾಸವನ್ನು ಕಾಪಾಡಿದವರು ಉಪದೇಶಿಗಳು, ಅಜ್ಜಿಯರು, ತಾಯಂದಿರು. ಅವರ ಕೈಯಲ್ಲಿದ್ದ ಸಾಧನ ಸಂಜೆಯ ಪ್ರಾರ್ಥನೆ. ದೇವಾಲಯದ ಪೂಜೆಯು ಲತೀನಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೂ ಮನೆಯ ಪ್ರಾರ್ಥನೆಯು ತಾಯ್ನುಡಿಯಲ್ಲಿಯೇ ಇತ್ತು. ದೇವರೊಡನೆ ತಾಯ್ನುಡಿಯಲ್ಲಿ ಮಾತನಾಡುವುದನ್ನು ನಮ್ಮ ಜನರು ಕಲಿತದ್ದು ಆ ಮಣ್ಣಿನ ನೆಲದ ಮೇಲೆ, ಎಣ್ಣೆಯ ದೀಪದ ಬೆಳಕಿನಲ್ಲಿ.

ಆ ಪ್ರಾರ್ಥನೆಯ ಕ್ರಮವನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಮನೆಯ ಹಿರಿಯರೊಬ್ಬರು ಅರ್ಧವನ್ನು ಹೇಳುವುದು, ಉಳಿದವರು ಇನ್ನರ್ಧವನ್ನು ಪೂರೈಸುವುದು. ಮಕ್ಕಳು ಸರದಿಯಂತೆ ಒಂದೊಂದು ಹತ್ತನ್ನು ನಡೆಸುವುದು. ಜಪಸರದ ನಂತರ ದೇವಮಾತೆಯ ಪ್ರಾರ್ಥನೆ. ಅನಂತರ ಮನೆಯಲ್ಲಿ ತೀರಿಕೊಂಡವರ ಹೆಸರು ಹಿಡಿದು ಒಂದೊಂದು ಪರಲೋಕ ಮಂತ್ರ. ಪ್ರಾರ್ಥನೆ ಮುಗಿದ ಮೇಲೆ ಚಿಕ್ಕವರು ಹಿರಿಯರಿಗೆ ಸ್ತೋತ್ರ ಹೇಳಿ ಆಶೀರ್ವಾದ ಪಡೆಯುವುದು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಜಪಸರಕ್ಕೆ ತೇರ್ಸ್ ಎಂದೂ ಹಿರಿಯರ ಆಶೀರ್ವಾದಕ್ಕೆ ಬೆಸಾಂವ್ ಎಂದೂ ಹೆಸರು. ಜೆರುಸಲೇಮಿನಲ್ಲಿ ಹೆಸರು ಹೇಳುತ್ತಿದ್ದ ಧರ್ಮಸೇವಕನೂ ದನಿಗೂಡಿಸುತ್ತಿದ್ದ ಮಕ್ಕಳೂ ಬೇರೆ ವೇಷದಲ್ಲಿ ನಮ್ಮ ಮನೆಗಳನ್ನು ಹೊಕ್ಕಂತಿತ್ತು.

ಆ ಕಾಲವನ್ನು ಹೊಗಳುವ ಭರದಲ್ಲಿ ಅದರ ಕೊರತೆಗಳನ್ನು ಮರೆಮಾಡುವುದು ಚರಿತ್ರೆಗೆ ತಕ್ಕುದಲ್ಲ. ಜಪವು ಬಾಯಿಪಾಠವಾಗಿ ಓಡಿದುದುಂಟು. ನಿದ್ದೆಗೆಟ್ಟ ಮಕ್ಕಳು ಏಟು ತಿಂದುದುಂಟು. ಗಂಡಸರು ಮಂಡಿಯೂರಿದ್ದಾಗ ಮನೆಯ ಸೊಸೆ ಒಲೆಯ ಮುಂದೆಯೇ ಉಳಿದುದುಂಟು. ಸಂಜೆ ಜಪ ಮಾಡಿದ ಯಜಮಾನನ ಮನೆಯಲ್ಲಿ ಆಳಿನ ಕೂಲಿ ಬಾಕಿಯಾಗಿಯೇ ಉಳಿದುದೂ ಉಂಟು. ಇಂತಹ ಪ್ರಾರ್ಥನೆಯನ್ನು ಧರ್ಮೋಪದೇಶಕಾಂಡವು ಆಗಲೇ ವಿಚಾರಣೆಗೆ ಗುರಿಪಡಿಸಿತ್ತು.

ಗಂಟೆಯ ಬದಲಿಗೆ ಸೈರನ್

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದವು. ಸಾವಿರಾರು ವರ್ಷಗಳಿಂದ ಮನುಷ್ಯನ ದುಡಿಮೆಗೆ ಎಲ್ಲೆಯಾಗಿದ್ದ ಸೂರ್ಯಾಸ್ತವು ಆಮೇಲೆ ಎಲ್ಲೆಯಾಗಿ ಉಳಿಯಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, 1953ರ ಎಚ್.ಎಂ.ಟಿ., ಇಂತಹ ಉದ್ಯಮಗಳು ಬೆಳೆದಂತೆ ಪಾಳಿಯ ಕೆಲಸವು ಸಾವಿರಾರು ಕುಟುಂಬಗಳ ದಿನಚರಿಯಾಯಿತು. ಗಂಟೆಗೆ ತಲೆಬಾಗುತ್ತಿದ್ದವರು ಸೈರನ್ನಿಗೆ ಕಿವಿಗೊಡಬೇಕಾಯಿತು. ಗಂಡನು ಎರಡನೆಯ ಪಾಳಿಯಲ್ಲಿ, ಮಗನು ರಾತ್ರಿಯ ಪಾಳಿಯಲ್ಲಿ. ಮನೆಮಂದಿಯೆಲ್ಲ ಒಂದೇ ದೀಪದ ಮುಂದೆ ಸೇರುವ ಹೊತ್ತೇ ಇಲ್ಲವಾಯಿತು. ಇಂದು ಸಿದ್ಧ ಉಡುಪಿನ ಕಾರ್ಖಾನೆಯಿಂದ ಬಸ್ಸು ಹಿಡಿದು ಕತ್ತಲಲ್ಲಿ ಮನೆ ಸೇರಿ ಅಡುಗೆಗೆ ಕೈಹಚ್ಚುವ ಹೆಣ್ಣುಮಗಳಿಗೂ, ದೂರದೇಶದ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕುಳಿತಿರುವ ಯುವಕನಿಗೂ ಸಂಜೆಯೆಂಬುದೇ ಉಳಿದಿಲ್ಲ. ಇವರನ್ನು ಭಕ್ತಿಹೀನರೆಂದು ಜರೆಯುವುದು ಅನ್ಯಾಯ. ಮಠದ ಲತೀನ್ ಪ್ರಾರ್ಥನೆಯು ಮಧ್ಯಯುಗದ ರೈತನಿಗೆ ನಿಲುಕದಂತೆಯೇ, ಸಂಜೆ ಏಳು ಗಂಟೆಯ ಜಪಸರವು ಇವರ ಕೈಗೆ ನಿಲುಕದೆ ಹೋಗಿದೆ.

ಧರ್ಮಸಭೆಯು ಇದನ್ನು ಅರಿಯದೆ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದಲ್ಲಿ ಪ್ರಾತಃಕಾಲದ ಮತ್ತು ಸಂಜೆಯ ಪ್ರಾರ್ಥನೆಗಳನ್ನು ದಿನದ ಆರಾಧನೆಯ ಎರಡು ಆಧಾರಗಳೆಂದು ಸಾರಿ, ಶ್ರೀಸಾಮಾನ್ಯರೂ ಗುರುಗಳೊಡನೆಯಾಗಲಿ, ತಮ್ಮತಮ್ಮಲ್ಲಿಯಾಗಲಿ, ಒಬ್ಬೊಬ್ಬರಾಗಿಯೇ ಆಗಲಿ ಅದರಲ್ಲಿ ಭಾಗವಹಿಸಬೇಕೆಂದು ಪ್ರೋತ್ಸಾಹಿಸಿತು. ಆರನೆಯ ಪೌಲರು 1970ರಲ್ಲಿ ಪರಿಷ್ಕೃತವಾದ ದೈನಂದಿನ ಪ್ರಾರ್ಥನಾ ವಿಧಿಯನ್ನು ಸ್ಥಿರಪಡಿಸಿದರು. ಆ ದಿನ ನಮಗೆ ದೊರೆತುದಕ್ಕೂ ನಾವು ಸರಿಯಾಗಿ ಮಾಡಿದುದಕ್ಕೂ ಕೃತಜ್ಞತೆ ಸಲ್ಲಿಸುವುದೇ ಸಂಜೆಯ ಪ್ರಾರ್ಥನೆಯ ಆಶಯವೆಂದು ಅದರ ಪೀಠಿಕೆಯು ತಿಳಿಸುತ್ತದೆ. 1974ರ ಪತ್ರದಲ್ಲಿ ಅವರು ಕುಟುಂಬದ ಜಪಸರವನ್ನು ಮನೆಯೆಂಬ ಕಿರುಸಭೆಯ ಶ್ರೇಷ್ಠ ಪ್ರಾರ್ಥನೆಗಳಲ್ಲಿ ಒಂದೆಂದು ಕೊಂಡಾಡಿದರು. ಆಧುನಿಕ ಜೀವನದಲ್ಲಿ ಕುಟುಂಬವು ಒಟ್ಟುಗೂಡುವುದು ಎಷ್ಟು ಕಷ್ಟವೆಂಬುದನ್ನೂ ಒಪ್ಪಿಕೊಂಡರು. 2002ರಲ್ಲಿ ಎರಡನೆಯ ಜಾನ್ ಪೌಲರು ಜಪಸರಕ್ಕೆ ಬೆಳಕಿನ ರಹಸ್ಯಗಳನ್ನು ಸೇರಿಸಿದರು.

2020ರಲ್ಲಿ ಮಹಾಮಾರಿಯ ಕಾರಣ ದೇವಾಲಯಗಳ ಬಾಗಿಲುಗಳು ಮುಚ್ಚಿದಾಗ, ಗುರುಗಳಿಲ್ಲದ ಹಳೆಯ ಊರುಗಳ ಸ್ಥಿತಿಯು ನಮಗೆ ಕೆಲವು ತಿಂಗಳ ಮಟ್ಟಿಗೆ ಮರಳಿ ಬಂದಿತು. ಆಗ ಮನೆಯ ಸಂಜೆಯ ಪ್ರಾರ್ಥನೆಯನ್ನು ಬಲ್ಲ ಕುಟುಂಬಗಳಿಗೆ ಆಸರೆಯೊಂದಿತ್ತು. ಅದನ್ನು ಮರೆತಿದ್ದ ಕುಟುಂಬಗಳು ದೂರದರ್ಶನದ ಅಥವಾ ಮೊಬೈಲಿನ ಮುಂದೆ ಪ್ರೇಕ್ಷಕರಾಗಿ ಕುಳಿತವು. ಆ ತಿಂಗಳುಗಳ ಪಾಠವನ್ನು ನಾವು ಇಷ್ಟು ಬೇಗನೆ ಮರೆಯಬಾರದು.

ಮುಂದಿನ ನೂರು ವರ್ಷಗಳಿಗೆ

ಹಾಗಾದರೆ ನಾವು ಮಾಡಬೇಕಾದುದೇನು? ಹಿಂದಿನ ಗಡಿಯಾರವನ್ನು ಇಂದಿನ ಮನೆಗೆ ಬಲವಂತವಾಗಿ ತೂಗುಹಾಕುವುದಲ್ಲ. ದೀಪ, ಗಂಟೆ, ಮಣಿ, ಐದು ಮೆಟ್ಟಿಲುಗಳ ಲೆಕ್ಕ, ಹೀಗೆ ರೂಪಗಳು ಬದಲಾಗುತ್ತಾ ಬಂದಿವೆ. ಬದಲಾಗದೆ ಬಂದಿರುವುದು ಮೂರು ಸಂಗತಿಗಳು: ದಿನದ ದುಡಿಮೆಯನ್ನು ದೇವರ ಕೈಗೆ ಒಪ್ಪಿಸುವುದು, ದೊರೆತುದಕ್ಕಾಗಿ ವಂದಿಸುವುದು, ಕೊಡಬೇಕಾದುದನ್ನೂ ಕ್ಷಮಿಸಬ��ಕಾದುದನ್ನೂ ಬಾಕಿ ಉಳಿಸದಿರುವುದು. ಐವತ್ಮೂರು ಮಣಿಗಳಿಗೆ ಬಿಡುವಿಲ್ಲದ ಮನೆಯಲ್ಲಿ ಹತ್ತು ಮಣಿಗಳಿಗೆ ಬಿಡುವಿರಬಹುದು. ಹತ್ತಕ್ಕೂ ಬಿಡುವಿಲ್ಲದ ದಿನ ಪರಲೋಕ ಮಂತ್ರವೊಂದನ್ನು ಮಠಾಧಿಪತಿಯಂತೆ ಎಲ್ಲರಿಗೂ ಕೇಳುವಂತೆ ಪೂರ್ತಿಯಾಗಿ ಹೇಳಬಹುದು. ಪಾಳಿಯಿಂದ ಬಂದವನಿಗೆ ಸಂಜೆಯು ಬೆಳಗಿನ ಆರು ಗಂಟೆಗೆ ಬರುವುದಾದರೆ, ಅವನ ಸಾಯಂಕಾಲದ ಬಲಿಯೂ ಆಗಲೇ ಸಲ್ಲಲಿ. ಒಲೆಯ ಮುಂದಿರುವವಳು ದೀಪದ ಮುಂದೆ ಬರಲು ಬಿಡುವಾಗುವಂತೆ ಮನೆಯ ಗಂಡಸರು ಕೈಹಚ್ಚಲಿ. ಮನೆಗೆಲಸದವಳಿಗೋ ಕೂಲಿಯಾಳಿಗೋ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆಯೇ ಶಿಲುಬೆಯ ಗುರುತು ಹಾಕಿಕೊಳ್ಳೋಣ.

ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರು ಹಗಲಿನಲ್ಲಿ ಕಲ್ಲನ್ನೂ ಗಾರೆಯನ್ನೂ ಹೊತ್ತರು. ಸಂಜೆ ತಮ್ಮ ತಮ್ಮ ಮನೆಗಳಲ್ಲಿ ಮಂಡಿಯೂರಿದರು. ಹಗಲಿನ ಅವರ ಕೆಲಸವನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಸುಣ್ಣಬಣ್ಣ ಬಳಿದು ಅದನ್ನು ಈ ಮಹೋತ್ಸವಕ್ಕೆ ಸಿಂಗರಿಸಿದ್ದೇವೆ. ಸಂಜೆಯ ಅವರ ಕೆಲಸವನ್ನು ಮುಂದುವರಿಸುವ ಹೊಣೆಯೂ ನಮ್ಮದೇ. ಎಮ್ಮಾವುಸಿನ ದಾರಿಯಲ್ಲಿ ಹೊತ್ತು ಇಳಿದಾಗ ಇಬ್ಬರು ಶಿಷ್ಯರ ಕೋರಿಕೆಯನ್ನು ಮನ್ನಿಸಿ ಅವರ ಮನೆಯೊಳಕ್ಕೆ ಬಂದ ಪ್ರಭುವು, ದಣಿದು ಬಂದ ನಮ್ಮ ಮನೆಗಳನ್ನೂ ಪ್ರತಿ ಸಂಜೆಯೂ ಪ್ರವೇಶಿಸಲಿ. ಮಾತೆ ಮರಿಯಮ್ಮನವರೂ ಬಡಗಿಯಾದ ಸಂತ ಜೋಸೆಫರೂ ಈ ಧರ್ಮಕೇಂದ್ರದ ಸಕಲ ದುಡಿಯುವ ಕುಟುಂಬಗಳಿಗಾಗಿ ಪ್ರಾರ್ಥಿಸಲಿ ಎಂದು ನಾವು ಬೇಡುತ್ತೇವೆ.